ತೂಕದ ಚೀಟಿಯ ಹಿಂಬದಿ

ನಿಂಗಾಚಾರಿ ಹಾಳೆ ಕೊಂಡವನಲ್ಲ.
ಮಂಡ್ಯದ ಸಕ್ಕರೆ ಕಾರ್ಖಾನೆ ಗೇಟಿನಲ್ಲಿ
ಕಬ್ಬು ತೂಗಿದ ಚೀಟಿ:
ಮುಂದೆ ಟನ್ನು, ಗಾಡಿ ನಂಬರು,
ಹಿಂದೆ ಎತ್ತು.

ಎತ್ತೆಂದರೆ ಬರೀ ಬೆನ್ನು.
ಸಾಲುಗಟ್ಟಿ ನಿಂತ ಗಾಡಿಗಳ ರಾತ್ರಿ,
ನೊಗದಡಿ ಬಾತ ಹೆಗಲು, ಬಾಲಕ್ಕಂಟಿದ ಸೆಗಣಿ,
ದೂರದಲ್ಲೊಂದು ಲಾಟೀನು, ಅದನ್ನು ಹಿಡಿದ ಕೈ,
ಬಳೆ ಎರಡೇ. ಕೈಯಿಂದಾಚೆ ಯಾರೂ ಇಲ್ಲ.
ಯಾರದು ಆಚಾರಿ? ಎಂದರೆ
"ಟೀ ಆರೋಯ್ತು ಕಣಯ್ಯ" ಅನ್ನುತ್ತಿದ್ದ.

ನನ್ನಂಗಡಿಯ ಸಾಲ ತೀರಿದ್ದು ಹೀಗೆ:
ಮೂರು ಟೀಗೆ ಒಂದು ಚಿತ್ರ,
ಬನ್ನು ತಿಂದ ದಿನ ಎರಡೆತ್ತು ಹೆಚ್ಚು.
ಬಿಸ್ಕೆಟ್ ಡಬ್ಬಿ ತುಂಬಿತು.

ಅವನ ತಿಥಿ ಮುಗಿಸಿ ಬಂದು
ಡಬ್ಬಿ ಸುರುವಿ ನೆಲಕ್ಕೆ ಹರಡಿದೆ.
ಇನ್ನೂರಕ್ಕೂ ಮೇಲೆ ಬೆನ್ನು.
ಒಂದರಲ್ಲಿ ಮಾತ್ರ ಎಡಗೋಲಿನ ಎತ್ತು
ಕತ್ತು ಹೊರಳಿಸಿ ನೋಡುತ್ತಿದೆ,
ನನ್ನನ್ನೋ, ನನ್ನ ಹಿಂದೆ ನಿಂತ ಇನ್ಯಾರನ್ನೋ.
ತಿರುಗಿದೆ. ಒಲೆ ಇತ್ತು.

ಆ ಚೀಟಿಗೆ ಕಬ್ಬಿನ ಹಾಲು ಸೋಕಿತ್ತೇನೋ,
ಲಾಟೀನಿನ ಸುತ್ತ ಇರುವೆ ಕವಿದಿದ್ದವು.
ಊದಲಿಲ್ಲ.
ಬಳೆಯ ತನಕ ಹತ್ತಿ
ಅಲ್ಲೇ ಸ್ವಲ್ಪ ನಿಂತು
ಹಾಳೆಯ ಅಂಚಿಗೆ ಇಳಿದು ಹೋದವು.