ಎಡದಿಂದ ಬಲಕ್ಕೆ

ಹದಿನಾಲ್ಕು ಕಂಪ್ಯೂಟರಿನ ಕೋಣೆಯಲ್ಲಿ
ಎದ್ದು ಕೂರುವುದು ಒಂದೇ.
ಅದರ ಮುಂದೆ ಇಳಂಗೋ,
ಅವನ ಹಿಂದೆ ನಾವು ಐವರು,
ನಮ್ಮ ಹಿಂದೆ ಶ್ರೀರಾಮಪುರದ ಸಂಜೆ.
ರೈಲು ಹೋದಾಗಲೆಲ್ಲ ಕಿಟಕಿಯ ಸರಳು
ತಾನೂ ಹೊರಟೆನೆಂಬಂತೆ ಗಡಗಡಿಸುತ್ತದೆ.

ಸಂಚಿಕೆಯ ಹೆಸರು ‘ಚಿಗುರು’.
ಹೋದ ವರ್ಷವೂ ಚಿಗುರೇ, ಅದರ ಹಿಂದಿನ ವರ್ಷವೂ.
ಈ ಗಿಡ ಯಾವಾಗ ದೊಡ್ಡದಾಗೋದು ಮಿಸ್, ಎಂದಳು ನಸ್ರೀನ್.
ಮಿಸ್ ನಕ್ಕರು. ಹೆಸರು ಬದಲಾಗಲಿಲ್ಲ.

ನನ್ನ ಪಾಲಿಗೆ ಬಂದದ್ದು ಕಾಗುಣಿತ.
ಕೆಂಪು ಪೆನ್ನು ಕೈಗೆ ಬಂದ ಮೇಲೆ ಗೊತ್ತಾಯಿತು
ಮಿಸ್ಸುಗಳಿಗೆ ಯಾಕೆ ಅಷ್ಟು ಸಿಟ್ಟೆಂದು.
‘ನನ್ನ ಗುರಿ’ ಪ್ರಬಂಧ ಹನ್ನೊಂದು ಬಂದಿದ್ದವು,
ಒಂಬತ್ತರಲ್ಲಿ ಐಎಎಸ್,
ಒಂದರಲ್ಲಿ ಬಿಎಂಟಿಸಿ ಕಂಡಕ್ಟರ್,
ಇನ್ನೊಂದರಲ್ಲಿ ಗುರಿಯೇ ‘ಗರಿ’ ಆಗಿತ್ತು;
ತಿದ್ದದೆ ಬಿಟ್ಟೆ.

ನಿದ್ದೆ ಕೆಡಿಸಿದ್ದು ಜ್ಯೋತ್ಸ್ನಾಳ ಹೆಸರು.
ಇಲ್ಲಿ ಸರಿಯಿದ್ದದ್ದು ಪ್ರೆಸ್ಸಿಗೆ ಹೋದರೆ
ಫಾಂಟ್ ಬದಲಾಗಿ ಒತ್ತುಗಳೆಲ್ಲ ಉದುರಿ
ಹಲ್ಲಿಲ್ಲದ ಬಾಯಿಂದ ಬಂದಂತೆ ವಾಪಸ್ಸು.
ಒಂದಲ್ಲ, ಮೂರು ಸಲ.
“ಜೋಸ್ನಾ ಅಂತಲೇ ಹಾಕಿ, ಮನೇಲೂ ಹಾಗೇ ಕರೀತಾರೆ.”
ಹೆಸರು ನಿಂದೇ ಇರಬಹುದು ಕಣೆ,
ಒತ್ತಕ್ಷರ ನನ್ನ ಜವಾಬ್ದಾರಿ, ಎಂದೆ.

ಕೊನೆಗೆ ಉಳಿದದ್ದು ಹತ್ತನೇ ‘ಬಿ’ ಗ್ರೂಪ್ ಫೋಟೋ.
ಮುಂದೆ ಕುಳಿತವರು, ಹಿಂದೆ ನಿಂತವರು,
ಬೆಂಚು ಹತ್ತಿ ಎತ್ತರವಾದವರು,
ಕಣ್ಣು ಮುಚ್ಚಿದ ಕೆಂಪರಾಜ
(ತೆಗೆದ ಮೂರರಲ್ಲೂ ಮುಚ್ಚಿದ್ದಾನೆ,
ಅವನ ಮಟ್ಟಿಗೆ ಈ ಫೋಟೋ ತೆಗೆದೇ ಇಲ್ಲ)
ಮತ್ತು ಎಡತುದಿಯಲ್ಲಿ, ಕರೆಯದೆ ಒಳಬಂದ
ಒಂದು ಮೊಣಕೈ.
ಅದರ ಮೇಲೆ ರವಿಕೆಯ ಅಂಚು,
ಅಂಚಿನಿಂದ ಇಳಿಬಿದ್ದ ನೀಲಿ ದಾರ.

“ಕ್ರಾಪ್ ಮಾಡ್ಲಾ?” ಇಳಂಗೋನ ಬೆರಳು ಮೌಸಿನ ಮೇಲಿತ್ತು.
ಯಾರೂ ಮಾತಾಡಲಿಲ್ಲ.
ಆ ದಿನ ಎರಡನೇ ಮಹಡಿಯಿಂದ
ಬೆಂಚು ಇಳಿಸಿದ ಕೈ ಅದು.
ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು
ಏಳು ಜನರ ಜಡೆ ಬಿಗಿದ ಕೈ.
“ಅಮ್ಮಾ, ಸ್ವಲ್ಪ ಆಚೆ” ಎಂದ ಸ್ಟುಡಿಯೋದವನು.
ಆಚೆ ಸರಿದರು. ಪೂರ್ತಿ ಸರಿಯೋಣವೆಂದರೆ
ಆಚೆ ಗೋಡೆಯಿತ್ತು.

“ಬೇಡ” ಎಂದದ್ದು ನಸ್ರೀನ್ ಇರಬೇಕು. ನಾನೂ ಇರಬಹುದು.
ಫೋಟೋದ ಕೆಳಗೆ ಬರೆದದ್ದಂತೂ ನಾನೇ:
ನಿಂತವರು, ಎಡದಿಂದ ಬಲಕ್ಕೆ –
ಪುಟ್ಟತಾಯಮ್ಮ (ಮೊಣಕೈ), ಜ್ಯೋತ್ಸ್ನಾ ಎಸ್., ಕೆಂಪರಾಜ ಎಂ. …

ಕಾಟನ್‌ಪೇಟೆಯ ಗಲ್ಲಿಯಲ್ಲಿ, ಅಗರಬತ್ತಿ ಗೋಡೌನಿನ ಮೇಲೆ,
ಜಬೀವುಲ್ಲಾ ಸಾಹೇಬರ ಪ್ರೆಸ್ಸು.
“ನಲವತ್ತೇಳು ಪುಟ ಆಗಲ್ಲಮ್ಮಾ, ನಾಲ್ಕರ ಲೆಕ್ಕ” ಎಂದರು.
ನಲವತ್ತೆಂಟನೆಯದನ್ನು ಖಾಲಿ ಬಿಟ್ಟು
ಮೇಲೆ ‘ಸಹಿಗಳಿಗಾಗಿ’ ಎಂದು ಹಾಕಿಸಿದೆವು.
ಕಟ್ಟುಗಳನ್ನು ತಟ್ಟಿ ಹೊಂದಿಸಿ
ಕತ್ತರಿಸುವ ಯಂತ್ರಕ್ಕೆ ಕೊಟ್ಟರು.
ಅಲಗು ಇಳಿಯಿತು, ಒಂದೇ ಉಸಿರು.
ಕಾಲ ಬಳಿ ಬಿದ್ದ ಕಾಗದದ ಪಟ್ಟಿಗಳನ್ನು
ಪುಸ್ತಕದ ಗುರುತಿಗಾಯಿತೆಂದು
ನಸ್ರೀನ್ ಹಿಡಿಯಷ್ಟು ಬ್ಯಾಗಿಗೆ ತುಂಬಿಕೊಂಡಳು.

ಶನಿವಾರ ಬಂಡಲ್ ಬಂತು. ಮೂವತ್ತೊಂದನೇ ಪುಟ.
ಜ್ಯೋತ್ಸ್ನಾ, ಮೂರೂ ಒತ್ತುಗಳ ಸಮೇತ.
ಕೆಂಪರಾಜ ಇನ್ನೂ ನಿದ್ದೆಯಲ್ಲಿ.
ಮೊಣಕೈ ಇಲ್ಲ.
“ಮೂರು ಮಿಲಿಮೀಟರ್ ಹೋಗ್ತದಮ್ಮಾ,” ಫೋನಿನಲ್ಲಿ ಸಾಹೇಬರು,
“ಮೆಶೀನಿಗೂ ಅಂತ ಒಂದು ಪಾಲು ಇರ್ತದೆ.”
ಕೆಳಗೆ ಹೆಸರು ಮಾತ್ರ,
ಮೊದಲನೆಯದಾಗಿ, ಒಂದೂ ತಪ್ಪಿಲ್ಲದೆ.

ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಪುಟ್ಟತಾಯಮ್ಮ
ಒಂದೊಂದೇ ಅಕ್ಷರ ಮುಟ್ಟಿ ಓದಿದರು.
ಆಮೇಲೆ ಮೇಲೆ ನೋಡಿದರು, ಎಡಕ್ಕೆ, ಇನ್ನೂ ಎಡಕ್ಕೆ.
“ಕೈ ಎಲ್ಲವ್ವಾ?”
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
“ಎಲ್ಲೋ ಕೆಲಸಕ್ಕೆ ಹೋಗಿರತ್ತೆ ಬಿಡು”
ಎಂದು ಎದ್ದು ಹೋಗಿ
ಗಂಟೆ ಹೊಡೆದುಬಿಟ್ಟರು.

ಶಾಲೆ ಬಿಡಲು ಇನ್ನೂ ಮೂರು ನಿಮಿಷವಿತ್ತು.