ಹಮಾಲಿ ಮುನ್ನೂರು

ಲಾಡ್ಲೆಸಾಬರು ವಾಡಿಗೆ ಹೋದ ದಿನ
ಡಿಪೋದ ಗಲ್ಲಾ ನನ್ನ ಕೈಗೆ ಬಂತು.
ಹತ್ತು ಗಂಟೆ. ಶಹಾಬಾದಿನ ಕಲ್ಲಿಗೆ
ಅಷ್ಟೊತ್ತಿಗೇ ಅಂಗಾಲು ಸುಡುವ ಅವಸರ.

ಭಂಕೂರಿನ ರತ್ನಾಬಾಯಿ ಬಂದಳು,
ಒಂದು ಕೋಣೆಗೆ ಪರಸಿ ಬೇಕೆಂದಳು.
ನಲವತ್ತನ್ನೂ ಒಂದೊಂದಾಗಿ ನಿಲ್ಲಿಸಿ
ಬೆರಳ ಗೆಣ್ಣಿನಿಂದ ಬಡಿದು ಕೇಳಿದಳು.
ಧಪ್ ಎಂದ ಮೂರನ್ನು ಗೋಡೆಗೆ ಆನಿಸಿ
"ಇವು ಒಳಗ ಸೀಳ್ಯಾವ, ನನಗ ಬ್ಯಾಡ."

ಹಮಾಲಿ ಮುನ್ನೂರು. ಕಲ್ಲು ನಲವತ್ತು. ಒಡಕು ಮೂರು.
ಕಲ್ಲಿಗೆ ಅರವತ್ತು.
ಬಂದ ಸಾಲಿನಂತೆಯೇ ಕ್ಯಾಲ್ಕುಲೇಟರ್ ಒತ್ತಿದೆ:
ಕೂಡು, ಕಳೆ, ಗುಣಿಸು.
ಇಪ್ಪತ್ತು ಸಾವಿರದ ಇನ್ನೂರ ಇಪ್ಪತ್ತು!
ಮೊಬೈಲಿನಲ್ಲಿ ಒತ್ತಿದೆ, ಅದೇ ಅಂಕಿ, ಅದೇ ಸಾಲು:
ನೂರಾ ಅರವತ್ತು.

ಒಂದರ ಮಾತು ಕೇಳಿದರೆ ಅವಳ ಮನೆ ಹೋಗುತ್ತದೆ,
ಇನ್ನೊಂದರ ಮಾತಿಗೆ ನನ್ನ ಪಗಾರ.

ಆರನೇ ಇಯತ್ತೆಯ ಮಲ್ಕಪ್ಪ ಮಾಸ್ತರು
ಕೋಲು ಕುಟ್ಟಿ ಹೇಳಿಸಿದ್ದರು:
ಮೊದಲು ಆವರಣ, ಆಮೇಲೆ ಭಾಗಾಕಾರ ಗುಣಾಕಾರ,
ಕೂಡುವುದು ಕಳೆಯುವುದು ಕಡೆಗೆ.
ಬಾಯಿಪಾಠ ಬಾಯಲ್ಲೇ ಉಳಿದಿತ್ತು.
ಯಾಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ರತ್ನಾಬಾಯಿ ಸಾಲೆಯ ಕಟ್ಟೆ ಏರಿದವಳಲ್ಲ.
ಅಂಕಿ ನೋಡಲಿಲ್ಲ, ನನ್ನ ಮುಖ ನೋಡಿದಳು.
"ಹಮಾಲಿ ರೊಕ್ಕಾನೂ ಕಲ್ಲಂತ ತಿಳದೇನೋ ತಮ್ಮಾ?
ರೊಕ್ಕದ ಸಂಗಟ ಕಲ್ಲು ಹ್ಯಾಂಗ ಕೂಡತಾವ?
ಮೊದಲ ಕಲ್ಲು ರೊಕ್ಕ ಆಗಲಿ,
ಆಮ್ಯಾಲ ರೊಕ್ಕದಾಗ ರೊಕ್ಕ ಹಾಕು.
ಅದಕೂ ಮೊದಲ, ಆ ಗ್ವಾಡಿಗಿ ನಿಂತಾವಲ್ಲ,
ಅವ್ನ ಬಿಡು."

ಖಡು ತೆಗೆದು ಕೈಗೆ ಸಿಕ್ಕ ಪರಸಿಯ ಮೇಲೇ ಬರೆದೆ.
ನಲವತ್ತರಿಂದ ಮೂರು ಕಳೆ,
ಅದರ ಆಚೀಚೆ ಎರಡು ಬಾಗಿದ ಗೆರೆ.
ಸೀಳಿದ ಕಲ್ಲನ್ನು ಎತ್ತಿ ಗೋಡೆಗಿಡುವಾಗ
ಅವಳ ಕೈಗಳು ಹೀಗೇ ಬಾಗಿದ್ದವು.
ಮೂವತ್ತೇಳು.
ಎರಡು ಸಾವಿರದ ಇನ್ನೂರ ಇಪ್ಪತ್ತು.
ಹಮಾಲಿ ಸೇರಿ ಎರಡು ಸಾವಿರದ ಐನೂರ ಇಪ್ಪತ್ತು.

ಸೆರಗಿನ ಗಂಟು ಬಿಚ್ಚಿ ಎಣಿಸಿದಳು.
ಇಪ್ಪತ್ತು ಚಿಲ್ಲರೆ ಇಲ್ಲ ಎಂದಳು, ಬಿಟ್ಟೆ.
ಆ ಕಳೆದದ್ದನ್ನು ಸಾಬರಿಗೆ ಇನ್ನೂ ಹೇಳಿಲ್ಲ.

ಟ್ರ್ಯಾಕ್ಟರ್ ತಿರುವು ದಾಟಿದ ಮೇಲೆ ನೆನಪಾಯಿತು,
ಬರೆದ ಕಲ್ಲೂ ಅದರಲ್ಲೇ ಹೋಗಿದೆ.
ಭಂಕೂರಿನ ಆ ಕೋಣೆಯಲ್ಲಿ
ಬರಹ ಮೇಲಾಗಿದ್ದರೆ ಮೊದಲ ಸಾರಣೆಗೇ ಅಳಿಸಿರುತ್ತದೆ.
ಕೆಳಗಾಗಿದ್ದರೆ,
ಆವರಣದ ಎರಡೂ ಗೆರೆ ಮಣ್ಣಿನ ಕಡೆ ಮುಖ ಮಾಡಿ
ಅವಳು ರೊಟ್ಟಿ ಬಡಿಯುವುದನ್ನು ಕೇಳುತ್ತಿರಬಹುದು.