ಹಿಂದಿನ ಸೀಟು

ಶುಕ್ರವಾರ ಔಲು ಬಿಟ್ಟಾಗ ಬೆಳಿಗ್ಗೆ ಏಳು.
ಯುಹನ್ನುಸ್ ಹಬ್ಬಕ್ಕೆ ಮೂರು ದಿನ ರಜೆ,
ಊರಿಗೆ ಊರೇ ಕೆರೆಗಳ ಕಡೆ ಹೊರಟಿತ್ತು.
ಸಾತುವಿಗೆ ಮಾತ್ರ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ನೀವಿಬ್ಬರೇ ಹೋಗಿ ಬನ್ನಿ ಎಂದಳು,
ಮಗಳ ಹೆಲ್ಮೆಟ್ಟಿನ ಪಟ್ಟಿಯನ್ನು
ಎರಡು ಸಲ ಎಳೆದು ನೋಡಿದಳು,
ಆಮೇಲೆ ನನ್ನ ಮುಖವನ್ನು, ಒಂದು ಸಲ.

ಪಿಹ್ಲಾಳಿಗೆ ಹದಿಮೂರು.
ನಾನು ಆ ಮನೆಗೆ ಬಂದು ಹದಿನಾಲ್ಕು ತಿಂಗಳು.
ಅಪ್ಪ ಅನ್ನುವುದಿಲ್ಲ; ಅನ್ನಲಿ ಅಂತ ನನಗೂ ಇಲ್ಲ.
ಹೆಸರೂ ಹಿಡಿಯುವುದಿಲ್ಲ.
ಊಟದ ಮೇಜಿನಲ್ಲಿ ಉಪ್ಪು ಬೇಕಾದರೆ
ಉಪ್ಪಿನ ಡಬ್ಬಿಯನ್ನೇ ದಿಟ್ಟಿಸುತ್ತಾಳೆ
ಅದು ತಾನಾಗಿ ನಡೆದು ಬರುವ ತನಕ.

ನನ್ನದು ಹಳೆ ಹೋಂಡಾ,
ಅವಳಿಗಿಂತ ಎಂಟು ವರ್ಷ ದೊಡ್ಡದು.
ಸೊಂಟ ಹಿಡ್ಕೋ ಅಂದೆ.
ಅವಳು ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದಳು.
ನಮ್ಮಿಬ್ಬರ ನಡುವೆ ಗೇಣು ಜಾಗ.
ಅಲ್ಲಿ ಗಾಳಿ
ದುಡ್ಡು ಕೊಟ್ಟು ಟಿಕೆಟು ಕೊಂಡವರ ಹಾಗೆ
ಇನ್ನೂರು ಕಿಲೋಮೀಟರು ಕಾಲು ಚಾಚಿ ಕೂತು ಬಂತು.

ಪೈನ್ ಮರ, ಕೆರೆ, ಪೈನ್ ಮರ,
ಕೆಂಪು ಬಣ್ಣದ ಅಂಚೆಪೆಟ್ಟಿಗೆ, ಮತ್ತೆ ಕೆರೆ.
ಕನ್ನಡಿಯಲ್ಲಿ ಅವಳ ಹೆಲ್ಮೆಟ್ಟಿನ ಅರ್ಧ.
ಪೆಟ್ರೋಲ್ ಬಂಕಿನಲ್ಲಿ ನನಗೆ ಕಾಫಿ, ಅವಳಿಗೆ
ಉಪ್ಪು ಬೆರೆಸಿದ ಅತಿಮಧುರದ ಕರಿ ಮಿಠಾಯಿ.
ಒಂದು ಕೊಡುತ್ತಾಳೇನೋ ಅಂದುಕೊಂಡೆ. ಕೊಡಲಿಲ್ಲ.

ಪೋಸಿಯೋ ಹತ್ತಿರದ ಕೆರೆಯ ದಡದಲ್ಲಿ
ಗಂಟು ಬಿಚ್ಚಿ ನೋಡಿದರೆ
ಡೇರೆ ಇದೆ, ಗೂಟಗಳಿವೆ, ಕೋಲುಗಳಿಲ್ಲ.
ಚೀಲಗಳನ್ನೆಲ್ಲ ಮಗುಚಿ ಹಾಕಿದೆ.
ಕತ್ತಲಾಗದ ನಾಡಿಗೆ ಟಾರ್ಚು ತಂದಿದ್ದೆ, ಎರಡು.
ಆಗ ಅವಳು ಆ ದಿನದ ಮೊದಲ ಪೂರ್ತಿ ವಾಕ್ಯ ಹೇಳಿದಳು:
"ಗ್ಯಾರೇಜಲ್ಲಿವೆ, ಬಿಳಿ ಕಪಾಟಿನ ಮೇಲೆ."
ಹೇಳಬಾರದಿತ್ತೇನೇ?
"ನೀನು ಕೇಳಲಿಲ್ಲ."

ಪಕ್ಕದ ಗುಡಿಸಲಿನ ಮುದುಕ ಕಾಲೆರ್ವೋ
ದೋಣಿಯಿಂದ ಎರಡು ಹುಟ್ಟು ತಂದುಕೊಟ್ಟ.
ಮುಂದೊಂದು, ಹಿಂದೊಂದು ನೆಟ್ಟು ಹಗ್ಗ ಬಿಗಿದೆವು.
ಸಣಕಲಾದರೂ ಡೇರೆ ಡೇರೆಯೇ.
ಅವಳು ಒಳಗೆ, ನಾನು ಹೊರಗೆ ಬೈಕಿನ ಪಕ್ಕ,
ಉಳಿದ ಜಾಗವೆಲ್ಲ ಸೊಳ್ಳೆಗೆ.
ಆಚೆ ದಡದಲ್ಲಿ ಹಬ್ಬದ ಬೆಂಕಿ, ಅಕಾರ್ಡಿಯನ್ನು,
ಯಾರೋ ನೀರಿಗೆ ಬಿದ್ದ ಸದ್ದು, ಚಪ್ಪಾಳೆ.
ಸೂರ್ಯ ಕೆರೆಯ ಅಂಚಿನ ತನಕ ಬಂದು
ಒಳಗೆ ಬರಲೋ ಬೇಡವೋ ಅನ್ನುವ ನೆಂಟನ ಹಾಗೆ
ಹೊಸ್ತಿಲಲ್ಲೇ ನಿಂತಿದ್ದ, ರಾತ್ರಿಯಿಡೀ.

ನಾಲ್ಕು ಗಂಟೆಗೆ ಹೆಜ್ಜೆ ಸಪ್ಪಳ.
ಕಾಲೆರ್ವೋ ಬಂದ, ಟೋಪಿ ತೆಗೆದು ನನಗೆ ವಂದಿಸಿದ,
ಒಂದು ಹುಟ್ಟು ಕಿತ್ತುಕೊಂಡ,
ಆಮೇಲೆ ಇನ್ನೊಂದು.
"ಹೇಳಿದ್ದೆನಲ್ಲ, ಮೀನು ಕಾಯುವುದಿಲ್ಲ" ಎಂದು
ಬಂದ ದಾರಿಯಲ್ಲೇ ನಡೆದ.
ಡೇರೆ ಉಸ್ಸೆಂದು ಮಲಗಿತು.
ಅದರಡಿಯಲ್ಲಿ ಒಂದು ಮೊಣಕೈ, ಒಂದು ತಲೆ,
ದಿಕ್ಕು ತಪ್ಪಿ ಆಡುವ ಗುಬ್ಬಟೆ.
ಮೊದಲು ಬೈಗುಳ ಕೇಳಿಸಿತು, ಅದೂ ನನ್ನದೇ ಬೈಗುಳ,
ಚೈನು ಕಳಚಿದಾಗ ನಾನು ಬೈಯುವುದು.
ಯಾವಾಗ ಕಲಿತಳೋ!
ಆಮೇಲೆ ನಗು. ಬಿಕ್ಕಳಿಕೆ ಬರುವಷ್ಟು ನಗು.
ಜಿಪ್ಪು ಹುಡುಕಿ ಕೊಡಲು ನನಗೆ ಬಹಳ ಹೊತ್ತು ಹಿಡಿಯಿತು,
ನಾನೂ ಅದೇ ಸ್ಥಿತಿಯಲ್ಲಿದ್ದೆ.

ಶನಿವಾರದ ಬಗ್ಗೆ ಹೇಳುವುದೇನಿಲ್ಲ.
ಸಾಸೇಜು ಸುಟ್ಟೆವು. ಈಜಿದೆವು. ಮತ್ತೆ ಸುಟ್ಟೆವು.

ಭಾನುವಾರ, ಮರಳುವಾಗ, ತಿರುವಿನಾಚೆ
ಹಿಮಸಾರಂಗವೊಂದು ರಸ್ತೆ ನಡುವೆ
ಬಿಸಿಲು ಕಾಯಿಸುತ್ತ, ಯಾರಪ್ಪನ ಗಂಟೇನು ಎಂಬಂತೆ.
ಬ್ರೇಕು ಒತ್ತಿದೆ. ಟೈರು ಕಿರುಚಿತು.
ಹಿಂದಿನಿಂದ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಠಣ್ಣೆಂದಿತು.
ಅದು ನಮ್ಮನ್ನು ನೋಡಿತು, ಮೇವು ಅಗಿಯಿತು,
ತನಗೆ ತೋಚಿದಾಗ ಹೋಯಿತು.
ಮತ್ತೆ ಗೇರು ಹಾಕಿದಾಗ ಗೊತ್ತಾಯಿತು,
ನನ್ನ ಜಾಕೀಟಿನ ಎರಡೂ ಜೇಬುಗಳಲ್ಲಿ
ಬೇರೆಯವರ ಕೈಗಳಿವೆ.
ನಾನು ಮಾತಾಡಲಿಲ್ಲ. ವೇಗ ಮಾತ್ರ
ಎಂಬತ್ತರಿಂದ ಎಪ್ಪತ್ತಕ್ಕೆ ಇಳಿಸಿದೆ.
ನೂರಾ ಮೂವತ್ತು ಕಿಲೋಮೀಟರು ಉಳಿದಿತ್ತು.

ಹೇಗಿತ್ತು? ಸಾತು ಬಾಗಿಲಲ್ಲೇ ಕೇಳಿದಳು.
"ಸೊಳ್ಳೆ" ಎಂದು ಪಿಹ್ಲಾ ಮಹಡಿ ಹತ್ತಿದಳು.

ರಾತ್ರಿ ಜಾಕೀಟು ಮೊಳೆಗೆ ತಗುಲಿಸುವಾಗ
ಬಲಗಡೆಯ ಜೇಬಿನಲ್ಲಿ ಏನೋ ಚರಪರ:
ಮಿಠಾಯಿಯ ಖಾಲಿ ಕಾಗದ, ಆರೇಳು,
ಅವುಗಳ ನಡುವೆ, ಸುತ್ತಿದ್ದು ಹಾಗೇ ಇರುವ
ಒಂದು.